ಕುಂಟುವ ಎತ್ತಿಗೂ ಮಾಯದ ಹುಣ್ಣಿಗೂ ಹೊಸ ಚಿಕಿತ್ಸೆ

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿರುವ ಕೆಂಗೇರಿ, ರಾಮೋಹಳ್ಳಿ, ಸೂಲಿಕೆರೆ, ತಾವರೆಕೆರೆ ಮುಂತಾದ ಕಡೆಗಳಲ್ಲಿ ಸಂಚಾರಮಾಡುವವರಿಗೆ, ಎತ್ತುಗಳ ಭುಜದ ಮೇಲೂ ಮುಂಗಾಲಿನ ಮೇಲೂ ಹಳೆಯ ಬರೆಯ ಗುರುತುಗಳು ಕಣ್ಣಿಗೆ ಬೀಳುವುದು ಅಪೂರ್ವವಲ್ಲ. ಎತ್ತು ಕುಂಟಿತೆಂದರೆ ಮೊದಲು ಎಣ್ಣೆ ತಿಕ್ಕುವುದು, ಆಮೇಲೆ ಶಾಖ ಕೊಡುವುದು, ಕೆಲವು ದಿನ ಕಳೆದರೂ ಕುಂಟು ನಿಲ್ಲದಿದ್ದರೆ ಬರೆ ಹಾಕುವವನನ್ನು ಕರೆಸುವುದು, ಇದು ತಲೆತಲಾಂತರದಿಂದ ನಡೆದುಬಂದಿರುವ ಕ್ರಮ. ಅದರಿಂದಲೂ ಗುಣ ಕಾಣದಿದ್ದರೆ ಎತ್ತನ್ನು ಸಂತೆಗೆ ಹೊಡೆಯುವುದೇ ಕಡೆಯ ಉಪಾಯವಾಗುತ್ತದೆ. ಜೋಡಿಯಲ್ಲಿ ಒಂದು ಹೋದಮೇಲೆ ಉಳಿದ ಎತ್ತಿಗೆ ಬಣ್ಣ, ಎತ್ತರ, ನಡಗೆ ಮೂರರಲ್ಲಿಯೂ ಹೊಂದುವ ಇನ್ನೊಂದನ್ನು ಹುಡುಕುವುದು ಎಷ್ಟು ಕಷ್ಟವೆಂಬುದನ್ನೂ, ಒಳ್ಳೆಯ ಹಳ್ಳಿಕಾರ್ ಜೋಡಿಗೆ ಜಾತ್ರೆಗಳಲ್ಲಿ ಕೇಳುವ ಬೆಲೆ ಎಷ್ಟೆಂಬುದನ್ನೂ ಜಮೀನುದಾರರಿಗೆ ನಾನು ವಿವರಿಸಬೇಕಾದುದಿಲ್ಲ.

ಈಚಿನ ವರ್ಷಗಳಲ್ಲಿ ಪಶುವೈದ್ಯರು ಇಂಥ ಸಂದರ್ಭಗಳಲ್ಲಿ ಬೇರೊಂದು ಮಾರ್ಗವನ್ನು ಹಿಡಿದಿದ್ದಾರೆ. ಅದೇ ಪ್ರಾಣಿಯ ರಕ್ತದಿಂದಲೋ, ಮೂಳೆಯೊಳಗಿನ ಮಜ್ಜೆಯಿಂದಲೋ, ಕೊಬ್ಬಿನಿಂದಲೋ ಕೆಲವು ಅಂಶಗಳನ್ನು ತೆಗೆದು, ಪೆಟ್ಟುಬಿದ್ದ ಜಾಗಕ್ಕೆ ಸೇರಿಸಿ, ದೇಹವು ತನ್ನನ್ನು ತಾನೇ ಸರಿಪಡಿಸಿಕೊಳ್ಳುವಂತೆ ಮಾಡುವುದೇ ಆ ಮಾರ್ಗ. ಇದಕ್ಕೆ ಪುನರುತ್ಪಾದಕ ಚಿಕಿತ್ಸೆಯೆಂದು ಹೆಸರು. ಈ ವಿಷಯವಾಗಿ ಗ್ರಾಮಗಳಲ್ಲಿ ಎರಡು ಬಗೆಯ ಮಾತುಗಳನ್ನು ಕೇಳುತ್ತೇನೆ. ಇದು ಪಂದ್ಯದ ಕುದುರೆಗಳಿಗೂ ಸಿರಿವಂತರ ನಾಯಿಗಳಿಗೂ ಮಾತ್ರ ಉಂಟಾದದ್ದೆಂದು ಕೆಲವರು ಹೇಳುತ್ತಾರೆ. ಒಂದು ಸೂಜಿಯಿಂದ ಕೆಟ್ಟ ಕಾಲು ಹೊಸದಾಗಿಬಿಡುವುದೆಂದು ಮತ್ತೆ ಕೆಲವರು ನಂಬಿದ್ದಾರೆ. ಎರಡೂ ನಿಜವಲ್ಲ. ನಾನು ವ್ಯವಸಾಯಶಾಸ್ತ್ರವನ್ನು ಓದಿದವನೇ ಹೊರತು ಪಶುವೈದ್ಯನಲ್ಲ. ಆದರೆ ದನವಿಲ್ಲದೆ ವ್ಯವಸಾಯವಿಲ್ಲವಾದ ಕಾರಣ, ರೈತನಿಗೆ ಇದರಲ್ಲಿ ಎಷ್ಟು ಪ್ರಯೋಜನವುಂಟು, ಎಷ್ಟಿಲ್ಲ ಎಂಬುದನ್ನು ತಿಳಿದಮಟ್ಟಿಗೆ ಬರೆಯುವುದು ಉಚಿತವೆಂದು ತೋರಿತು.

ಮೊದಲು ದೇಹದಲ್ಲಿ ಗಾಯ ಮಾಯುವ ಬಗೆಯನ್ನು ತಿಳಿಯಬೇಕು. ಹಲ್ಲಿಯ ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ. ಎಳೆಯ ರಾಗಿಯ ಪೈರನ್ನು ಕುರಿ ಮೇದುಹೋದರೂ ಬುಡದಲ್ಲಿರುವ ಮೊಗ್ಗುಗಳು ಒಡೆದು ಹೊಸ ತೆಂಡೆಗಳು ಬರುತ್ತವೆ. ದನಗಳಲ್ಲಿಯೂ ಮನುಷ್ಯರಲ್ಲಿಯೂ ಇಂಥ ಮೊಗ್ಗಿನ ಶಕ್ತಿ ಇಲ್ಲದಿಲ್ಲ. ಮಜ್ಜೆ, ಕೊಬ್ಬು ಮೊದಲಾದ ಸ್ಥಾನಗಳಲ್ಲಿ ಇನ್ನೂ ಯಾವ ಅಂಗವಾಗಬೇಕೆಂದು ಗೊತ್ತಾಗದೆ ನಿಂತಿರುವ ಕೆಲವು ಜೀವಕೋಶಗಳುಂಟು; ಅವು ಮೂಳೆಯಾಗಿಯೋ, ಮೃದ್ವಸ್ಥಿಯಾಗಿಯೋ, ಕೊಬ್ಬಾಗಿಯೋ ಮಾರ್ಪಡಬಲ್ಲವು. ಇವಕ್ಕೆ ಆಕರಕೋಶಗಳೆನ್ನುತ್ತಾರೆ, ವೈದ್ಯರ ಮಾತಿನಲ್ಲಿ ಸ್ಟೆಮ್ ಸೆಲ್. ಆದರೆ ದೊಡ್ಡ ಪ್ರಾಣಿಗಳಲ್ಲಿ ಈ ಕೋಶಗಳು ಅಲ್ಪಸಂಖ್ಯೆಯಲ್ಲಿವೆ. ಗಾಯವಾದಾಗ ದೇಹವು ಹಿಂದಿನ ಅಂಗವನ್ನೇ ನಿಧಾನವಾಗಿ ಕಟ್ಟುವುದನ್ನು ಬಿಟ್ಟು, ಬೇಗಬೇಗನೆ ನಾರಿನಂಥ ಪದಾರ್ಥವನ್ನು ತುಂಬಿ ಬಿರುಕನ್ನು ಮುಚ್ಚಿಬಿಡುತ್ತದೆ. ನಾವು ಕಾಣುವ ಗಾಯದ ಕಲೆ ಇದೇ.

ತೊಗಲಿನ ಮೇಲೆ ಕಲೆ ನಿಂತರೆ ರೈತನಿಗೆ ನಷ್ಟ ಹೆಚ್ಚಿಲ್ಲ. ಕಾಲಿನ ಹಿಂಭಾಗದಲ್ಲಿ ಹಗ್ಗದಂತೆ ಇಳಿದಿರುವ ಸ್ನಾಯುರಜ್ಜುವಿನಲ್ಲಿ, ಎಂದರೆ ರೈತರು ನರವೆಂದು ಕರೆಯುವುದರಲ್ಲಿ, ಕಲೆ ನಿಂತರೆ ಸಂಗತಿ ಬೇರೆ. ಬಾವಿಯ ಹಗ್ಗ ಅರ್ಧ ಕಿತ್ತುಹೋದರೆ ಗಂಟು ಹಾಕಿ ಸೇರಿಸಬಹುದು. ಆದರೆ ಗಂಟು ರಾಟೆಯ ಮೇಲೆ ಸಲೀಸಾಗಿ ಹರಿಯದು, ಮತ್ತು ಗಂಟಿನ ಪಕ್ಕದಲ್ಲಿಯೇ ಹಗ್ಗ ಮತ್ತೊಮ್ಮೆ ಕಿತ್ತುಹೋಗುತ್ತದೆ. ಕಿತ್ತ ಎಳೆಗಳನ್ನು ಬಿಡಿಸಿ ಒಂದರೊಳಗೊಂದು ಹೆಣೆದು ಸೇರಿಸಿದರೆ ಹಗ್ಗ ಹಿಂದಿನಂತೆಯೇ ಓಡುತ್ತದೆ. ಗಂಟು ಹಾಕುವುದು ದೇಹದ ಸ್ವಭಾವ. ಹೆಣೆಯುವಂತೆ ಅದನ್ನು ಪ್ರೇರಿಸುವುದೇ ಹೊಸ ಚಿಕಿತ್ಸೆಯ ಉದ್ದೇಶ.

ಇಲ್ಲಿ ಬರೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಬರೆ ಹಾಕುವುದು ನಮ್ಮ ಹಳ್ಳಿಯವರ ಮೂಢತನವೆಂದು ಕೆಲವರು ನಗುವುದುಂಟು. ಅದು ಸರಿಯಲ್ಲ, ಇಂಗ್ಲೆಂಡಿನ ದೊಡ್ಡ ದೊಡ್ಡ ಕುದುರೆ ವೈದ್ಯರು ಸಹ ಮೊನ್ನೆಮೊನ್ನೆಯವರೆಗೆ ಕೆಂಪಗೆ ಕಾದ ಕಬ್ಬಿಣದಿಂದ ಕುದುರೆಯ ಕಾಲನ್ನು ಸುಡುತ್ತಿದ್ದರು. ಸುಟ್ಟ ಕಡೆಗೆ ರಕ್ತ ಹರಿದು ಒಳಗಿನ ನರ ಬೇಗ ಕೂಡುವುದೆಂಬುದು ಅವರ ಅಭಿಪ್ರಾಯ. 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಪಂಡಿತರು ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಸುಡುವುದರಿಂದ ನರ ಕೂಡುವುದಕ್ಕೆ ಯಾವ ಸಹಾಯವೂ ಆಗುವುದಿಲ್ಲವೆಂದೂ, ಅದರಿಂದ ಪ್ರಾಣಿಗೆ ನೋವು ಮಾತ್ರ ಹೆಚ್ಚುವುದೆಂದೂ ಅವರು ಕಂಡುಕೊಂಡರು. ಹಾಗಾದರೆ ಬರೆ ಹಾಕಿದ ಎಷ್ಟೋ ಎತ್ತುಗಳು ಮತ್ತೆ ಹೊಲಕ್ಕೆ ಇಳಿದಿವೆಯಲ್ಲಾ ಎಂದು ಯಜಮಾನರು ಕೇಳಬಹುದು. ಇಳಿದಿರುವುದು ನಿಜ. ಬರೆ ಹಾಕಿದ ಎತ್ತನ್ನು ಆ ಹುಣ್ಣು ಆರುವತನಕ ಯಾರೂ ನೊಗಕ್ಕೆ ಕಟ್ಟುವುದಿಲ್ಲವಷ್ಟೆ. ಆ ವಾರಗಟ್ಟಲೆಯ ವಿಶ್ರಾಂತಿಯೇ ಕೆಲಸ ಮಾಡಿದ್ದು. ಕೀರ್ತಿ ಮಾತ್ರ ಬರೆಗೆ ಬಂದಿತು.

ಈಗ ಹೊಸ ಚಿಕಿತ್ಸೆಗಳಲ್ಲಿ ನಮ್ಮ ರೈತನ ಕೈಗೆ ಎಲ್ಲಕ್ಕಿಂತ ಹತ್ತಿರವಾದದ್ದನ್ನು ಮೊದಲು ಹೇಳುತ್ತೇನೆ. ರಕ್ತದಲ್ಲಿ ಕೆಂಪು ಕಣ, ಬಿಳಿ ಕಣಗಳಲ್ಲದೆ ಪ್ಲೇಟ್ಲೆಟ್ ಎಂಬ ಅತಿ ಸಣ್ಣ ಬಿಲ್ಲೆಗಳುಂಟು. ಗಾಯವಾದ ಕೂಡಲೇ ಇವು ಅಲ್ಲಿ ಮುತ್ತಿಕೊಂಡು ರಕ್ತವನ್ನು ಹೆಪ್ಪುಗಟ್ಟಿಸುತ್ತವೆಂಬುದು ಬಹುಕಾಲದಿಂದ ತಿಳಿದ ವಿಷಯ. ಆದರೆ ಅವುಗಳ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿಯೊಂದು ಬಿಲ್ಲೆಯ ಒಡಲಿನಲ್ಲಿಯೂ ಬೆಳವಣಿಗೆಯನ್ನು ಪ್ರೇರಿಸುವ ಹಲವು ಸತ್ತ್ವಗಳು ಅಡಗಿವೆ. ಬಿಲ್ಲೆ ಒಡೆದಾಗ ಅವು ಹೊರಬಂದು, ಸುತ್ತಲಿನ ಕೋಶಗಳನ್ನು ಕರೆದು, ಹೊಸ ರಕ್ತನಾಳಗಳನ್ನು ಚಿಗುರಿಸಿ, ಮಾಂಸವನ್ನೂ ತೊಗಲನ್ನೂ ಕಟ್ಟುವ ಕೆಲಸಕ್ಕೆ ಹಚ್ಚುತ್ತವೆ. ಹಸುವಿನ ರಕ್ತದ ಒಂದು ಸಣ್ಣ ಹನಿಯಲ್ಲಿಯೂ ಇಂಥ ಬಿಲ್ಲೆಗಳು ಲಕ್ಷಗಟ್ಟಲೆಯಾಗಿರುತ್ತವೆ. ಇವುಗಳನ್ನು ಒಟ್ಟುಗೂಡಿಸಿ, ರಕ್ತದಲ್ಲಿ ಸಹಜವಾಗಿರುವುದಕ್ಕಿಂತ ಮೂರು ನಾಲ್ಕು ಪಾಲು ಸಾಂದ್ರವಾಗಿ ಮಾಡಿ, ಬೇಕಾದ ಜಾಗದಲ್ಲಿ ಇಡುವುದೇ ಪ್ಲೇಟ್ಲೆಟ್ ರಕ್ತರಸದ ಚಿಕಿತ್ಸೆ.

ಮಾಡುವ ಕ್ರಮ ಹೀಗಿದೆ. ಪ್ರಾಣಿಯ ಕೊರಳಿನ ಸಿರೆಯಿಂದ 50ರಿಂದ 100 ಮಿಲಿಲೀಟರಿನಷ್ಟು ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಔಷಧವಿರುವ ಶುದ್ಧವಾದ ಚೀಲಕ್ಕೋ ನಳಿಗೆಗೋ ತೆಗೆದುಕೊಳ್ಳುತ್ತಾರೆ. ರಕ್ತ ತೆಗೆಯುವುದೆಂದರೆ ನಮ್ಮ ಜನ ಹೆದರುತ್ತಾರೆ. 350 ಕಿಲೋ ತೂಕದ ಹಸುವಿನ ಮೈಯಲ್ಲಿ ಸುಮಾರು 20 ಲೀಟರು ರಕ್ತವಿರುವಾಗ ಇದು ಅರ್ಧ ಲೋಟದ ಮಾತು, ಭಯಕ್ಕೆ ಕಾರಣವಿಲ್ಲ. ಆ ನಳಿಗೆಗಳನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿಟ್ಟು ತಿರುಗಿಸುತ್ತಾರೆ. ಮೊಸರು ಕಡೆಯುವಾಗ ಬೆಣ್ಣೆ ಬೇರೆಯಾಗುವಂತೆ, ಇಲ್ಲಿ ಭಾರವಾದ ಕೆಂಪು ಕಣಗಳು ತಳಕ್ಕಿಳಿದು ಹೊಂಬಣ್ಣದ ರಸ ಮೇಲೆ ನಿಲ್ಲುತ್ತದೆ. ಆ ರಸವನ್ನು ಬೇರೆಮಾಡಿ ಇನ್ನಷ್ಟು ವೇಗದಲ್ಲಿ ಮತ್ತೊಮ್ಮೆ ತಿರುಗಿಸಿದರೆ ಬಿಲ್ಲೆಗಳು ಕೆಳಗೆ ಸೇರುತ್ತವೆ. ಮೇಲಿನ ತಿಳಿಯನ್ನು ಬಹುಪಾಲು ತೆಗೆದುಹಾಕಿ, ಉಳಿದ ಕೆಲವೇ ಮಿಲಿಲೀಟರು ಗಟ್ಟಿರಸವನ್ನು ಸೂಜಿಯಿಂದ ನರದೊಳಕ್ಕೆ ಕೊಡಬಹುದು, ಅಥವಾ ಹೆಪ್ಪಿನಂತೆ ಮಾಡಿ ಹುಣ್ಣಿನ ಮೇಲೆ ಹಾಸಬಹುದು. ತನ್ನ ರಕ್ತವೇ ತನಗೆ ಬರುವುದರಿಂದ ದೇಹ ಅದನ್ನು ಪರವಸ್ತುವೆಂದು ತಳ್ಳುವುದಿಲ್ಲ. ಯಂತ್ರವೂ ದೊಡ್ಡದಲ್ಲ, ಒಂದು ಮೇಜಿನ ಮೇಲೆ ಕೂರುವಂಥದು. ಕಷ್ಟವಿರುವುದು ಶುಚಿತ್ವದಲ್ಲಿ. ರಕ್ತದಷ್ಟು ರೋಗಾಣುಗಳಿಗೆ ರುಚಿಯಾದ ಆಹಾರ ಬೇರೊಂದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಕೈತೊಳೆಯದೆ ಮಾಡುವ ಕೆಲಸವಲ್ಲ ಇದು.

ಹುಣ್ಣುಗಳಲ್ಲಿ ಇದರ ಉಪಯೋಗ ಕಣ್ಣಿಗೆ ಕಾಣುವಂಥದು. ನೊಗ ಉಜ್ಜಿ ಆದ ಹೆಗಲಿನ ಹುಣ್ಣು, ಮುಳ್ಳುತಂತಿ ಹರಿದ ಗಾಯ, ಗೊರಸಿನ ಅಡಿಯ ಹುಣ್ಣು, ಇಂಥವು ಕೆಲವು ವೇಳೆ ತಿಂಗಳುಗಟ್ಟಲೆ ಬಾಯಿ ತೆರೆದುಕೊಂಡೇ ಇರುತ್ತವೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿ ಜಾನುವಾರು ಜಾತ್ರೆಗಳೇ ನಿಂತುಹೋದ ಕಾಲದಲ್ಲಿ, ಗಂಟುಗಳು ಉದುರಿದ ಜಾಗದಲ್ಲಿ ಕುಳಿಬಿದ್ದ ಹುಣ್ಣುಗಳಾಗಿ ನೊಣ ಮುತ್ತಿ ಹುಳುಬಿದ್ದ ದನಗಳನ್ನು ನಾವೆಲ್ಲರೂ ನೋಡಿದ್ದೇವೆ. ಇಂಥ ಹುಣ್ಣನ್ನು ಮೊದಲು ತೊಳೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಕೀವು ನಿಂತಮೇಲೆ ರಕ್ತರಸವನ್ನು ಹಾಸಿ ಕಟ್ಟಿದರೆ ಕೆಂಪಾದ ಹೊಸ ಮಾಂಸ ಬೇಗ ಏಳುತ್ತದೆ. ಕೀವಿರುವಾಗಲೇ ಹಾಕಿದರೆ ಅದು ವ್ಯರ್ಥ. ಸುಣ್ಣ, ಬೂದಿ, ಸೀಮೆಎಣ್ಣೆ, ಬ್ಯಾಟರಿಯ ಮಸಿ ಮುಂತಾದವುಗಳನ್ನು ಹಾಕಿದ ಹುಣ್ಣಿಗೂ ಹಾಗೆಯೇ; ಆ ಪದಾರ್ಥಗಳು ಚಿಗುರುತ್ತಿರುವ ಕೋಶಗಳನ್ನೇ ಸುಟ್ಟುಬಿಟ್ಟಿರುತ್ತವೆ.

ಹುಣ್ಣಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಬೇಕು. ಕರುವನ್ನು ಗರ್ಭದಲ್ಲಿ ಸುತ್ತಿಕೊಂಡಿರುವ ತೆಳುವಾದ ಒಳಪೊರೆಯನ್ನು ಹುಣ್ಣಿನ ಮೇಲೆ ಹೊದಿಸಿದರೆ ಅದು ಎರಡನೆಯ ತೊಗಲಿನಂತೆ ಕಾಪಾಡಿ, ನೋವನ್ನು ತಗ್ಗಿಸಿ, ಹೊಸ ತೊಗಲು ಬೆಳೆಯುವುದಕ್ಕೆ ಸಹಾಯಮಾಡುತ್ತದೆ. ಮನುಷ್ಯರ ಗಾಯಗಳಿಗೆ ಇದನ್ನು ಅಮೆರಿಕದ ವೈದ್ಯರೊಬ್ಬರು 1910ರಷ್ಟು ಹಿಂದೆಯೇ ಉಪಯೋಗಿಸಿದ್ದರು. ಈಗ ಪ್ರಾಣಿಗಳ ಕಣ್ಣಿನ ಹುಣ್ಣಿಗೂ ಸುಟ್ಟಗಾಯಕ್ಕೂ ಬಳಸುತ್ತಾರೆ. ನಮ್ಮವರು ಹಸು ಹಾಕಿದ ಸತ್ತೆಯನ್ನು ಹುಲ್ಲಿನಲ್ಲಿ ಸುತ್ತಿ, ಹಾಲು ಹೆಚ್ಚಲೆಂದು, ಹಾಲೊಸರುವ ಆಲದ ಮರದ ಕೊಂಬೆಗೆ ಕಟ್ಟುತ್ತಾರಷ್ಟೆ. ದೊಡ್ಡ ಆಲದ ಮರದಿಂದ ಹೆಸರಾದ ರಾಮೋಹಳ್ಳಿಯ ಕಡೆಯವರಿಗೆ ಆಲದ ಮಹಿಮೆಯನ್ನು ನಾನು ಹೇಳಬೇಕಾಗಿಲ್ಲ. ಅದರ ಒಳಪೊರೆಯಲ್ಲಿ ಇಂಥ ಗುಣವಿದೆಯೆಂದು ತಿಳಿದರೆ ಹಳೆಯ ಯಜಮಾನರು ಸಂತೋಷಪಟ್ಟಾರು. ಆದರೆ ಇದನ್ನು ಓದಿ ಯಾರೂ ಹಸಿಯ ಸತ್ತೆಯನ್ನು ತಂದು ಹುಣ್ಣಿಗೆ ಕಟ್ಟಕೂಡದು. ಗರ್ಭಪಾತವನ್ನುಂಟುಮಾಡುವ ಬ್ರುಸೆಲ್ಲಾ ರೋಗಾಣುಗಳು ನೆಲೆಸುವ ಮುಖ್ಯಸ್ಥಾನವೇ ಸತ್ತೆ. ಬರಿಗೈಯಿಂದ ಅದನ್ನು ಎಳೆದವರಿಗೆ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರವೂ ಕೀಲುನೋವೂ ಅಂಟಿಕೊಳ್ಳುತ್ತವೆ. ವೈದ್ಯರು ಬಳಸುವ ಪೊರೆ ಪರೀಕ್ಷೆಮಾಡಿದ, ಶುದ್ಧಿಗೊಳಿಸಿ ಕಾದಿಟ್ಟ ಪೊರೆ. ಈ ರೋಗಕ್ಕೆ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಲಸಿಕೆ ಹಾಕುತ್ತಾರೆ. ಗ್ರಾಮದ ಮುಖ್ಯಸ್ಥರು ತಮ್ಮ ಊರಿನ ಒಂದು ಕರುವನ್ನೂ ತಪ್ಪಿಸದಿರುವುದು ಒಳ್ಳೆಯದು.

ಇನ್ನು ಕೆಚ್ಚಲು ಬಾವು. ಒಂದು ಕಾಲದಲ್ಲಿ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳೆಂಬ ಬೇಸಾಯದ ಊರುಗಳಾಗಿದ್ದು ಈಗ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಸೇರಿಹೋಗಿರುವ ಕಡೆಗಳಲ್ಲಿ, ಹೊಲ ಹೋದರೂ ಹಸುವನ್ನು ಬಿಡದ ಮನೆತನಗಳು ಇನ್ನೂ ಇವೆ. ಅಲ್ಲಿ ಮಿಶ್ರತಳಿಯ ಹಸುಗಳು ಹಗಲಿರುಳು ಒದ್ದೆಯಾದ ಸಿಮೆಂಟಿನ ನೆಲದ ಮೇಲೆ ನಿಂತು ಮಲಗುವುದರಿಂದ ಗೊರಸೂ ಕೆಚ್ಚಲೂ ಎರಡೂ ಕೆಡುತ್ತವೆ. ನಾಲ್ಕು ಮೊಲೆಗಳಲ್ಲಿ ಒಂದು ಬತ್ತಿದರೆ ಹಾಲಿನ ನಷ್ಟ ಒಂದು ಕಡೆ, ಮಾರುವಾಗ ಬೆಲೆಯ ನಷ್ಟ ಮತ್ತೊಂದು ಕಡೆ. ಸೂಕ್ಷ್ಮಜೀವಿನಾಶಕ ಔಷಧಗಳಿಂದ ಬಾವು ಇಳಿಯುತ್ತದೆ, ಆದರೆ ಎಷ್ಟೋ ಹಸುಗಳಲ್ಲಿ ಮತ್ತೆ ಮತ್ತೆ ಮರುಕಳಿಸುತ್ತದೆ. ರೋಗಾಣು ಸತ್ತರೂ ಹಾಲುಗೂಡಿನ ಒಳಗೋಡೆ ಹುಣ್ಣಾಗಿಯೇ ಉಳಿದಿರುವುದು ಇದಕ್ಕೊಂದು ಕಾರಣ. ಇಟಲಿ ದೇಶದ ಪಂಡಿತರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಪ್ಲೇಟ್ಲೆಟ್ ರಸವನ್ನು ಮೊಲೆಯ ತೂತಿನ ಮೂಲಕ ಕೆಚ್ಚಲಿಗೆ ಕೊಟ್ಟು ನೋಡಿದರು. ಔಷಧದೊಡನೆ ಈ ರಸವನ್ನೂ ಕೊಟ್ಟ ಹಳೆಯ ಬಾವುಗಳಲ್ಲಿ ರೋಗ ಮರುಕಳಿಸುವುದು ಕಡಮೆಯಾಯಿತೆಂದು ಅವರು ಬರೆದಿದ್ದಾರೆ. ಇದು ಆಶಾದಾಯಕವಾದ ವಿಷಯವೇ. ಆದರೆ ಈ ರಸವು ರೋಗಾಣುಗಳನ್ನು ಕೊಲ್ಲುವ ಔಷಧಕ್ಕೆ ಬದಲಲ್ಲ, ಅದರ ಜೊತೆಗಾರ. ಕಲ್ಲಿನಂತೆ ಗಟ್ಟಿಯಾಗಿ ಹಾಲುಗೂಡೇ ನಾರಾಗಿಹೋದ ಮೊಲೆಗೆ ಯಾವ ರಸದಿಂದಲೂ ಹಾಲು ಮರಳಿಬರಲಾರದು. ನೆಲ ಒಣಗಿರುವುದು, ಕರೆಯುವ ಮುಂಚೆ ಕೈ ತೊಳೆಯುವುದು, ಕರೆದ ಮೇಲೆ ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಇವು ಮೂರೂ ನನ್ನ ಮಟ್ಟಿಗೆ ಇಟಲಿಯ ರಸಕ್ಕಿಂತ ದೊಡ್ಡವು.

ಆಕರಕೋಶಗಳ ಚಿಕಿತ್ಸೆ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಹಣವಿರುವ ಕಡೆ ವಿದ್ಯೆ ಮೊದಲು ಹೋಗುವುದು ಲೋಕರೂಢಿಯಾದ್ದರಿಂದ ಇದು ಪಂದ್ಯದ ಕುದುರೆಗಳಲ್ಲಿ ಪ್ರಾರಂಭವಾಯಿತು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2003ರಲ್ಲಿ ಈ ವಿಷಯವಾಗಿ ಮೊದಲ ಲೇಖನವನ್ನು ಪ್ರಕಟಿಸಿದರು. ಕುದುರೆಯ ಎದೆಯೆಲುಬಿನಿಂದ ಸ್ವಲ್ಪ ಮಜ್ಜೆಯನ್ನು ಸೂಜಿಯಿಂದ ಎಳೆದು, ಪ್ರಯೋಗಶಾಲೆಯಲ್ಲಿ ಕೆಲವು ವಾರ ಅದರ ಆಕರಕೋಶಗಳನ್ನು, ನಾವು ಒಟ್ಟಲಿನಲ್ಲಿ ಸಸಿ ಬೆಳೆಸುವಂತೆ, ಬೆಳೆಸುತ್ತಾರೆ. ಅವು ಸುಮಾರು ಒಂದು ಕೋಟಿಯಾದಾಗ ಕಿತ್ತುಹೋದ ನರದೊಳಗೆ ನಾಟಿಮಾಡುತ್ತಾರೆ. ಹೀಗೆ ಚಿಕಿತ್ಸೆ ಪಡೆದ 113 ಪಂದ್ಯದ ಕುದುರೆಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನರ ಮತ್ತೆ ಕಿತ್ತುಹೋದದ್ದು ನೂರಕ್ಕೆ ಸುಮಾರು 27ರಲ್ಲಿ. ಬೇರೆ ಚಿಕಿತ್ಸೆಗಳನ್ನು ಪಡೆದ ಅಂಥ ಕುದುರೆಗಳ ಹಿಂದಿನ ಲೆಕ್ಕಗಳಲ್ಲಿ ಇದು ಅರ್ಧಕ್ಕೂ ಹೆಚ್ಚಾಗಿತ್ತು. 2019ರಲ್ಲಿ ಯುರೋಪಿನವರು ಕುದುರೆಯ ಕೀಲಿನ ಕುಂಟಿಗೆ ಆಕರಕೋಶಗಳಿಂದ ತಯಾರಾದ ಔಷಧಕ್ಕೆ ಪ್ರಥಮಬಾರಿ ಅನುಮತಿ ಕೊಟ್ಟರು.

ಈ ಅಂಕಿಗಳನ್ನು ಓದುವಾಗ ಎರಡು ಮಾತು ನೆನಪಿರಬೇಕು. ನೂರಕ್ಕೆ 27 ಕುದುರೆಗಳಲ್ಲಿ ನರ ಮತ್ತೆ ಕಿತ್ತಿದೆ, ಆದ್ದರಿಂದ ಇದು ರಾಮಬಾಣವಲ್ಲ. ಅಲ್ಲದೆ ಆ ಕುದುರೆಗಳೆಲ್ಲವನ್ನೂ ತಿಂಗಳುಗಟ್ಟಲೆ ಅಳತೆಮಾಡಿದ ನಡಗೆಯಲ್ಲಿಟ್ಟು, ಯಂತ್ರದಿಂದ ನರದ ಒಳಚಿತ್ರವನ್ನು ನೋಡುತ್ತ, ಬಹಳ ಜಾಗರೂಕತೆಯಿಂದ ಕೆಲಸಕ್ಕೆ ತಂದಿದ್ದಾರೆ. ಕೋಶಗಳನ್ನು ನಾಟಿಮಾಡಿ ಮರುವಾರ ನೇಗಿಲಿಗೆ ಕಟ್ಟಿದರೆ ಲಂಡನ್ನಿನ ವೈದ್ಯರಿಗೂ ಆ ಫಲ ದೊರೆಯುತ್ತಿರಲಿಲ್ಲ. ಪ್ರಯೋಗಶಾಲೆಯ ಖರ್ಚನ್ನು ನೋಡಿದರೆ, ಸಾಮಾನ್ಯ ಉಳುವ ಎತ್ತಿಗೆ ಇದನ್ನು ಮಾಡಿಸೆಂದು ನಾನು ಯಾವ ರೈತನಿಗೂ ಹೇಳಲಾರೆ. ಬೀಜದ ಹೋರಿಯಂಥ ಅಮೂಲ್ಯ ಪ್ರಾಣಿಯಾದರೆ ವೈದ್ಯರೊಡನೆ ವಿಚಾರಿಸಬಹುದು. ಉಳುವ ಎತ್ತಿಗೆ ರಕ್ತರಸವೂ ವಿಶ್ರಾಂತಿಯೂ ಸಾಕು.

ನಮ್ಮ ದೇಶದಲ್ಲಿಯೂ ಈ ದಾರಿಯಲ್ಲಿ ಕೆಲಸ ನಡೆದಿಲ್ಲವೆಂದು ತಿಳಿಯಬಾರದು. ಇಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಎಮ್ಮೆಯ ವಪೆ, ಹೃದಯದ ಹೊರಪೊರೆ ಮುಂತಾದವುಗಳಿಂದ ಕೋಶಗಳನ್ನೆಲ್ಲ ತೊಳೆದು ತೆಗೆದು, ಬರಿಯ ಚೌಕಟ್ಟನ್ನು ಉಳಿಸಿಕೊಳ್ಳುವ ಕ್ರಮವನ್ನು ಅಭ್ಯಾಸಮಾಡಿದ್ದಾರೆ. ಕರುಗಳ ಹೊಕ್ಕಳಿನ ಬಳಿ ಹೊಟ್ಟೆಯ ಗೋಡೆ ಬಿರಿದು ಕರುಳು ಚೀಲದಂತೆ ಇಳಿಬಿದ್ದಾಗ, ಆ ಬಿರುಕಿಗೆ ಇದನ್ನು ತೇಪೆಯಾಗಿ ಹೊಲಿದರೆ, ಚಪ್ಪರದ ಮೇಲೆ ಬಳ್ಳಿ ಹಬ್ಬುವಂತೆ ಕರುವಿನ ಸ್ವಂತ ಕೋಶಗಳು ಅದರ ಮೇಲೆ ಹಬ್ಬಿ ಗೋಡೆಯನ್ನು ಕಟ್ಟುತ್ತವೆ.

ಕೆಂಗೇರಿಯ ಕಡೆಯವರು ಇಂಥ ಚಿಕಿತ್ಸೆಗೆ ಎಲ್ಲಿ ವಿಚಾರಿಸಬೇಕು? ಮೊದಲು ತಮ್ಮ ಹೋಬಳಿಯ ಪಶುವೈದ್ಯರಲ್ಲಿ. ಪ್ರಾಣಿ ನಡೆಯಲಾರದಿದ್ದರೆ 1962 ಎಂಬ ಸಂಖ್ಯೆಗೆ ದೂರವಾಣಿಮಾಡಿದರೆ ಸರ್ಕಾರದ ಪಶುಚಿಕಿತ್ಸಾ ವಾಹನ ಬರುತ್ತದೆ. ಶಸ್ತ್ರಚಿಕಿತ್ಸೆ ಬೇಕಾದ ಪ್ರಾಣಿಗಳನ್ನು ಅವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. 1958ರಲ್ಲಿ ಸ್ಥಾಪಿತವಾದ ಆ ಕಾಲೇಜು ನಮ್ಮ ರೈತರಿಗೆ ಅಪರಿಚಿತವಲ್ಲ. ಅದಕ್ಕೂ ಮುಂಚೆ, 1925ರಲ್ಲಿಯೇ, ಮೈಸೂರು ಸರ್ಕಾರದವರು ಸೀರಂ ಸಂಸ್ಥೆಯನ್ನು ಸ್ಥಾಪಿಸಿದ್ದರು. ಅದೇ ಈಗ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದನದ ರಕ್ತದಿಂದ ತೆಗೆದ ರಸವನ್ನು ದನಕ್ಕೆ ಚುಚ್ಚುವುದು ಇಂದಿನ ಹೊಸ ಮಾತೇನಲ್ಲ. ದೊಡ್ಡರೋಗ ಬಂದಾಗ ಆ ಸೀರಂ ಮಾಡಿದ ಕೆಲಸವೂ ಅದೇ ಜಾತಿಯದು. ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ಆ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಈಗಿನ ಎಳೆಯ ರೈತರು ಅದರ ಹೆಸರನ್ನೂ ಕೇಳಿಲ್ಲ.

ಹೊಸ ವಿದ್ಯೆ ಬಂದ ಕಡೆಯಲ್ಲೆಲ್ಲ ಅದರ ನೆರಳಿನಲ್ಲಿ ಮೋಸವೂ ಬರುತ್ತದೆ. ಆಕರಕೋಶದ ಪುಡಿ, ಆಕರಕೋಶದ ಎಣ್ಣೆ ಎಂದು ಹೇಳಿ ಡಬ್ಬಿಗಳನ್ನು ಮಾರುವವರನ್ನು ಯಜಮಾನರು ಊರಿನೊಳಕ್ಕೆ ಸೇರಿಸಬಾರದು. ಆಕರಕೋಶವೆಂಬುದು ಜೀವವಿರುವ ವಸ್ತು. ಅದನ್ನು ವಿಶೇಷವಾದ ಶೈತ್ಯದಲ್ಲಿ ಕಾದಿಟ್ಟು ತರಬೇಕು. ಬಿಸಿಲಿನಲ್ಲಿ ಸೈಕಲ್ಲಿಗೆ ನೇತುಹಾಕಿಕೊಂಡು ಬಂದ ಡಬ್ಬಿಯಲ್ಲಿ ಅದು ಜೀವದಿಂದಿರುವುದು ಅಸಾಧ್ಯ. ಯೋಗ್ಯನಾದ ವೈದ್ಯನು ಮೊದಲು ಪ್ರಾಣಿಯನ್ನು ನಡೆಸಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ. ಏಕೆಂದರೆ ಭುಜದ ಕುಂಟೆಂದು ಬರೆ ಹಾಕಿಸಿಕೊಂಡ ಎಷ್ಟೋ ಎತ್ತುಗಳ ಗೊರಸಿನಲ್ಲಿ ಮೊಳೆಯೋ ಕಲ್ಲಿನ ಚೂರೋ ಇರುತ್ತದೆ. ಅದನ್ನು ಕಿತ್ತು ತೊಳೆದರೆ ರಕ್ತರಸವೂ ಬೇಡ, ಬರೆಯೂ ಬೇಡ.

ಈ ಚಿಕಿತ್ಸೆ ಸಲ್ಲದ ಪ್ರಾಣಿಗಳೂ ಉಂಟು. ಎತ್ತುಗಳ ಕೊಂಬಿನೊಳಗೆ ಹುಟ್ಟುವ ಏಡಿಗಂತಿಯಂಥ ದುಷ್ಟಗಂತಿಗಳಿಗೆ ಬೆಳವಣಿಗೆಯನ್ನು ಪ್ರೇರಿಸುವ ರಸವನ್ನು ಹಾಕುವುದು ಉರಿಯುವ ಬಣವೆಗೆ ಗಾಳಿ ಹಾಕಿದಂತೆ. ಮುರಿದ ಮೂಳೆಯನ್ನು ಮೊದಲು ಕೂಡಿಸಿ ಕಟ್ಟಬೇಕು. ಕಟ್ಟದ ಮೂಳೆಗೆ ರಸ ಕೊಟ್ಟು ಫಲವಿಲ್ಲ. ವರ್ಷಗಳಿಂದ ಕುಂಟುತ್ತಿರುವ, ನರ ಗಂಟುಗಟ್ಟಿ ಕೀಲು ಬಿಗಿದುಹೋಗಿರುವ ಮುದಿ ಎತ್ತಿಗೆ ಖರ್ಚುಮಾಡುವುದಕ್ಕಿಂತ ಅದನ್ನು ನೆರಳಿನಲ್ಲಿ ಕಟ್ಟಿ ಮೇವು ಹಾಕುವುದು ಧರ್ಮ. ಪೆಟ್ಟುಬಿದ್ದ ಮೊದಲ ಕೆಲವು ವಾರಗಳಲ್ಲಿ, ಗಂಟು ಗಟ್ಟಿಯಾಗುವ ಮುಂಚೆ ಬಂದ ಪ್ರಾಣಿಗೇ ಇದರ ಪೂರ್ಣಫಲ.

ಆಸ್ಪತ್ರೆಗೆ ಹೋಗುವ ಮುಂಚೆ ನೋವಿನ ಔಷಧಗಳ ವಿಷಯದಲ್ಲಿ ಎಚ್ಚರವಿರಬೇಕು. ನೋವನ್ನೂ ಬಾವನ್ನೂ ಇಳಿಸುವ ಸೂಜಿಮದ್ದುಗಳಲ್ಲಿ ಹಲವು ಈ ಬಿಲ್ಲೆಗಳ ಶಕ್ತಿಯನ್ನೇ ಕುಂದಿಸುತ್ತವೆ. ಆದ್ದರಿಂದ ಪ್ರಾಣಿಗೆ ಹಿಂದಿನ ದಿನಗಳಲ್ಲಿ ಏನೇನು ಚುಚ್ಚಿಸಿದ್ದೀರೆಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು; ಖಾಲಿ ಸೀಸೆಯನ್ನೇ ತೆಗೆದುಕೊಂಡು ಹೋದರೆ ಇನ್ನೂ ಉತ್ತಮ. ಡೈಕ್ಲೊಫೆನಾಕ್ ಎಂಬ ಮದ್ದನ್ನು ದನಗಳಿಗೆ ಕೊಡುವುದನ್ನು ಸರ್ಕಾರದವರು 2006ರಲ್ಲಿಯೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನು 2023ರಲ್ಲಿಯೂ ನಿಷೇಧಿಸಿದ್ದಾರೆ. ಇವನ್ನು ಚುಚ್ಚಿಸಿಕೊಂಡು ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳು ಸಾಯುತ್ತವೆ. ಮೈಸೂರು ರಸ್ತೆಯಲ್ಲಿ ನಮಗೆ ಸಮೀಪದಲ್ಲಿರುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ರಕ್ಷಣಾಧಾಮವೆಂದು ಸಾರಿದ್ದಾರೆ. ಅಲ್ಲಿ ಉಳಿದಿರುವ ಪಕ್ಷಿಗಳು ಬೆರಳೆಣಿಕೆಯವು. ನಿಷೇಧಿಸಿದ ಮದ್ದನ್ನು ಕದ್ದು ಮಾರುವ ಅಂಗಡಿ ಊರಿನಲ್ಲಿದ್ದರೆ ಅದನ್ನು ಮೇಲಿನವರಿಗೆ ತಿಳಿಸುವುದು ಮುಖ್ಯಸ್ಥರ ಕೆಲಸ.

ಎತ್ತು ಕುಂಟಿದ ದಿನವೇ ಮಾಡಬೇಕಾದದ್ದು ಬಹಳ ಸುಲಭ. ನೊಗ ಬಿಚ್ಚಿ, ಮೆತ್ತಗಿರುವ ನೆಲದ ಮೇಲೆ ಕಟ್ಟಿ, ಮೊದಲ ಎರಡು ದಿನ ಊದಿದ ಜಾಗಕ್ಕೆ ತಣ್ಣೀರನ್ನು ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲಕ್ಕೆ ಕಾಲು ಗಂಟೆ ಸುರಿಯಬೇಕು. ಶಾಖ ಕೊಡುವುದು, ನೀವುವುದು ಆಗ ಸರ್ವಥಾ ಕೂಡದು. ಒಳಗೆ ಒಡೆದ ರಕ್ತನಾಳಗಳಿಂದ ಇನ್ನಷ್ಟು ರಕ್ತ ಸುರಿದು ಎಳೆಗಳು ಮತ್ತಷ್ಟು ಬಿಡುತ್ತವೆ. ಆಸ್ಪತ್ರೆಗೆ ಸಾಗಿಸುವಾಗ ವಾಹನದ ತಳಕ್ಕೆ ಹುಲ್ಲನ್ನೋ ಮರಳನ್ನೋ ದಪ್ಪನಾಗಿ ಹಾಸಿ, ಹತ್ತಿಸಲು ಇಳಿಸಲು ಮಣ್ಣಿನ ದಿಬ್ಬವನ್ನು ಉಪಯೋಗಿಸುವುದು ಲೇಸು. ಊರಿಗೊಂದರಂತೆ ದನವನ್ನು ನಿಲ್ಲಿಸಿ ಪರೀಕ್ಷಿಸುವ ಗಟ್ಟಿಯಾದ ಚೌಕಟ್ಟನ್ನು ಪಂಚಾಯಿತಿಯಿಂದ ಹಾಕಿಸಿಟ್ಟರೆ, ಬರುವ ವೈದ್ಯರು ರಕ್ತ ತೆಗೆಯುವುದಕ್ಕೂ ಕಟ್ಟು ಕಟ್ಟುವುದಕ್ಕೂ ಪ್ರಾಣಿಯನ್ನು ಕೆಡವಬೇಕಾಗುವುದಿಲ್ಲ. ನರ ನೊಂದ ಎತ್ತನ್ನು ಕೆಡವುವುದೇ ಅದಕ್ಕೆ ಎರಡನೆಯ ಪೆಟ್ಟು.

ಚಿಕಿತ್ಸೆಯಾದ ಮೇಲೆ ಮೊದಲ ಕೆಲವು ವಾರ ಎತ್ತು ಕೊಟ್ಟಿಗೆಯಲ್ಲಿಯೇ ಇರಲಿ. ಆಮೇಲೆ ವೈದ್ಯರು ಹೇಳಿದಂತೆ ಕೈಯಲ್ಲಿ ಹಿಡಿದು, ಸಮನಾದ ನೆಲದಲ್ಲಿ, ದಿನಕ್ಕೆ ಹತ್ತು ನಿಮಿಷ ನಡೆಸಿ, ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಬೇಕು. ಹೊಸ ಎಳೆಗಳು ಎಳೆತ ಬಿದ್ದ ದಿಕ್ಕಿಗೇ ಸಾಲುಗೂಡುವುದರಿಂದ ಈ ನಡಗೆ ಚಿಕಿತ್ಸೆಯ ಒಂದು ಭಾಗ. ಟಾರು ರಸ್ತೆಯಲ್ಲಿ ಗಾಡಿ ಎಳೆಸಬಾರದು. ಕುಂಟು ಕಣ್ಣಿಗೆ ಕಾಣದೆ ಹೋದ ದಿನ ನರ ಕೂಡಿತೆಂದು ತಿಳಿಯಬಾರದು, ಒಳಗಿನ ಕೆಲಸ ಅದಾದ ಮೇಲೂ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ. ಮಾಘಮಾಸದ ಜಾತ್ರೆಯ ಹೊತ್ತಿಗೆ ನರ ಕಿತ್ತ ಎತ್ತು ಆ ವರ್ಷದ ಮುಂಗಾರಿನ ಉಳುಮೆಗೆ ಬರುವುದಿಲ್ಲವೆಂದೇ ಇಟ್ಟುಕೊಂಡು, ಬಾಡಿಗೆಯ ಜೋಡಿಗೋ ಟ್ರಾಕ್ಟರಿಗೋ ಮುಂಚಿತವಾಗಿಯೇ ಮಾತಾಡಿಕೊಳ್ಳತಕ್ಕದ್ದು. ಹಿಂಗಾರಿನಲ್ಲಿ ಹಗುರವಾದ ಕುಂಟೆಗೆ ಅರ್ಧ ದಿನ ಹೂಡಿ ನೋಡಬಹುದು. ನೇಗಿಲಿಗೆ ಮಾತ್ರ ಮರುವರ್ಷವೇ.